ದಿನಕ್ಕೆ ಹದಿಮೂರು ತಾಸು ದುಡಿಯುತ್ತಿದ್ದ ಲೊವೆಲ್ ಬಟ್ಟೆ ಗಿರಣಿಯ ಹೆಣ್ಣುಮಕ್ಕಳು ಪತ್ರಿಕೆಯನ್ನು ಬರೆದು ತುಂಬಿಸಿದ್ದು ಹೇಗೆ?

ಗಿರಣಿಗೆ ಬರುವ ಮೊದಲೇ ಅವರಿಗೆ ಓದುಬರಹ ಬರುತ್ತಿತ್ತು, ಮತ್ತು ಅವರು ಒಂದೇ ಸೂರಿನಡಿ ಬದುಕುತ್ತಿದ್ದರು ಎಂಬುದೇ ಇದಕ್ಕೆ ಮುಖ್ಯ ಕಾರಣ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಲೊವೆಲ್‌ಗೆ 1820 ಮತ್ತು 30ರ ದಶಕಗಳಲ್ಲಿ ಬಂದವರಲ್ಲಿ ಹೆಚ್ಚಿನವರು ಆ ದೇಶದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡ್‌ನ ಹಳ್ಳಿ ಶಾಲೆಗಳಲ್ಲಿ ಕಲಿತ ರೈತರ ಮಕ್ಕಳು. ಕಂಪನಿಯ ವಸತಿಗೃಹಗಳಲ್ಲಿ ಒಟ್ಟಿಗೆ ಇದ್ದುದರಿಂದ ಪುಸ್ತಕಗಳು ಕೈಯಿಂದ ಕೈಗೆ ಹೋಗುತ್ತಿದ್ದವು, ಸಂಜೆಯ ಕೂಟಗಳಲ್ಲಿ ತಾವು ಬರೆದದ್ದನ್ನು ಓದುತ್ತಿದ್ದರು. ಅಂಥ ಕೂಟದಿಂದಲೇ 1840ರಲ್ಲಿ 'ಲೊವೆಲ್ ಆಫರಿಂಗ್' ಪತ್ರಿಕೆ ಹುಟ್ಟಿತು.

ಯಂತ್ರಗಳ ಬಳಿಗೆ ಪುಸ್ತಕ ತರುವಂತಿರಲಿಲ್ಲ. ಹಾಗಾಗಿ, ಮುಂದೆ ಕವಯಿತ್ರಿಯಾಗಿ ಹೆಸರಾದ ಲೂಸಿ ಲಾರ್ಕಮ್, ಪತ್ರಿಕೆಗಳಿಂದ ಕತ್ತರಿಸಿದ ಕವಿತೆಗಳನ್ನು ತಾನು ಕೂರುವ ಕಿಟಕಿಯ ಪಕ್ಕ ಅಂಟಿಸಿಕೊಂಡು ಓದುತ್ತಿದ್ದಳು.

ಆದರೆ ಈ ಪತ್ರಿಕೆಯೊಂದನ್ನೇ ನಂಬಿದರೆ ಗಿರಣಿಯ ಬದುಕು ಇದ್ದದ್ದಕ್ಕಿಂತ ಹಸನಾಗಿ ಕಾಣುತ್ತದೆ. ಕಂಪನಿಯನ್ನು ಟೀಕಿಸಿದ ತನ್ನ ಬರಹಗಳಿಗೆ ಅಲ್ಲಿ ಜಾಗ ಸಿಗಲಿಲ್ಲವೆಂದು ಗಿರಣಿ ಕೆಲಸಗಾರ್ತಿ ಸಾರಾ ಬ್ಯಾಗ್ಲಿ 1845ರಲ್ಲಿ ಬಹಿರಂಗವಾಗಿಯೇ ಆರೋಪಿಸಿದಳು. ದಿನಕ್ಕೆ ಹತ್ತೇ ತಾಸಿನ ದುಡಿಮೆ ಬೇಕೆಂದು ಸಾವಿರಾರು ಸಹಿಗಳ ಮನವಿ ಶಾಸನಸಭೆಗೆ ಹೋದದ್ದೂ ಆ ಕಾಲದಲ್ಲೇ. ಕೂಲಿ ಮತ್ತು ವೇಳೆಯ ಕುರಿತ ಈ ಹೆಣ್ಣುಮಕ್ಕಳ ಖಾರದ ಮಾತುಗಳನ್ನು ಓದಬೇಕಾದರೆ 'ವಾಯ್ಸ್ ಆಫ್ ಇಂಡಸ್ಟ್ರಿ' ಎಂಬ ಕಾರ್ಮಿಕ ಪತ್ರಿಕೆಯತ್ತ ತಿರುಗಬೇಕು.