ಮುಹೂರ್ತಕ್ಕೆ ಊದುವವರ ಮನೆಯ ಮದುವೆ

ನಾನು ಆಪ್ತಸಲಹೆಗಾರ್ತಿ. ಈ ಥರದ ಕತೆ ನನ್ನ ಮುಂದೆ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಮದುವೆ ಫೋಟೋ ತೆಗೆಯುವವರು ಬಂದಿದ್ದರು. ಒಮ್ಮೆ ಅಡುಗೆ ಭಟ್ಟರು. ಒಮ್ಮೆ ಯಕ್ಷಗಾನ ಮೇಳದ ಚೆಂಡೆಯವರು. ಬೇರೆಯವರ ಮನೆಯ ಸಂಭ್ರಮದ ದಿನವೇ ಇವರಿಗೆಲ್ಲ ದುಡಿಮೆಯ ದಿನ. ಈ ಸಲ ಬರೆಯುತ್ತಿರುವುದು ಒಬ್ಬ ಸ್ಯಾಕ್ಸೋಫೋನ್ ಕಲಾವಿದರ ಬಗ್ಗೆ. ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ದಿನೇಶ್ ಅನ್ನೋಣ.

ಬರೆಯಲು ಇನ್ನೊಂದು ಕಾರಣವೂ ಇದೆ. ಮೊದಲ ಎರಡು ಭೇಟಿಯಲ್ಲಿ ನಾನೇ ದಾರಿ ತಪ್ಪಿದ್ದೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ದಿನೇಶ್ ದಕ್ಷಿಣ ಕನ್ನಡದವರು. ತಂದೆ ದೇವಸ್ಥಾನದಲ್ಲಿ ನಾಗಸ್ವರ ನುಡಿಸುತ್ತಿದ್ದರು. ಮಗ ಸ್ಯಾಕ್ಸೋಫೋನ್ ಹಿಡಿದರು. ನಮ್ಮ ಕರಾವಳಿಯಲ್ಲಿ ಇದೇನೂ ಹೊಸತಲ್ಲ. ಕದ್ರಿ ಗೋಪಾಲನಾಥರ ತಂದೆಯೂ ನಾಗಸ್ವರದವರೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು ಕಲಿತವರು ಗೋಪಾಲನಾಥರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಂಡರು. ಅವರಿಂದಾಗಿ ನಮ್ಮ ಜಾತ್ರೆ, ದೈವಗಳ ನೇಮ, ಮದುವೆ ಎಲ್ಲ ಕಡೆ ಈ ವಾದ್ಯ ಮನೆಮಾತಾಯಿತು. ಜೊತೆಗೆ, ಸ್ಯಾಕ್ಸೋಫೋನ್ ಹಿಡಿದ ಪ್ರತಿ ಹುಡುಗನಿಗೂ "ನೀನೂ ಕದ್ರಿಯವರ ಹಾಗೆ ಆಗಬೇಕು" ಅನ್ನುವ ಮಾತು ಬೆನ್ನು ಹತ್ತಿತು. ಹೇಳುವವರಿಗೆ ಅದು ಆಶೀರ್ವಾದ. ಹೊರುವವರಿಗೆ ಮಾತ್ರ ಭಾರ.

ದೀಪಾವಳಿ ಕಳೆದ ಮೇಲೆ ದಿನೇಶ್‌ಗೆ ಪುರುಸೊತ್ತಿಲ್ಲ. ಬೆಂಗಳೂರು, ಚೆನ್ನೈ, ಮುಂಬೈಯಲ್ಲಿ ಕಛೇರಿ. ಕೊಲ್ಲಿ ದೇಶಗಳಲ್ಲಿ ನಮ್ಮವರ ಕಾರ್ಯಕ್ರಮ. ಎರಡು ಸಲ ಒಂದು ಫ್ಯೂಷನ್ ತಂಡದ ಜೊತೆ ಯುರೋಪ್. ಇದರ ನಡುವೆ ಊರಿನ ಮದುವೆಗಳು. ಮೇ ಕೊನೆಯಲ್ಲಿ ಬರುವ ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೇ ದಿನಕ್ಕೆ, ಜಾತ್ರೆ, ನೇಮ, ಮೇಳದ ತಿರುಗಾಟ ಎಲ್ಲ ನಿಲ್ಲುತ್ತವೆ. ಜುಲೈ ನಡುವಿನಲ್ಲಿ ಶುರುವಾಗುವ ಆಟಿ ತಿಂಗಳಲ್ಲಿ ಮದುವೆಯೂ ಇಲ್ಲ. ಆಗ ಅವರು ಮನೆಯಲ್ಲಿರುತ್ತಾರೆ. ಆದರೆ ಮನೆಯಲ್ಲಿದ್ದರೂ ಯಾರ ಜೊತೆಗೂ ಮಾತಿಲ್ಲ, ರಾತ್ರಿ ನಿದ್ದೆ ಇಲ್ಲ, ಕುಡಿಯುವುದು ಜಾಸ್ತಿಯಾಗಿದೆ ಅಂತ ಹೆಂಡತಿ ಕರೆದುಕೊಂಡು ಬಂದರು.

ದಿನೇಶ್ ಬಂದು ಕೂತವರೇ ನೇರವಾಗಿ ಕೇಳಿದರು. "ಮದುವೆಗೆ ಊದುವುದು ಬಿಡಬೇಕಾ, ಬೇಡವಾ? ಅಷ್ಟು ಹೇಳಿ ಮೇಡಂ."

ಆದದ್ದು ಇಷ್ಟು. ಯುರೋಪಿನಲ್ಲಿ ಒಂದು ಸಭಾಂಗಣದಲ್ಲಿ ಜನ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದರು. ಅದಾಗಿ ಒಂದು ವಾರದೊಳಗೆ ಊರಿನ ಕಲ್ಯಾಣ ಮಂಟಪದಲ್ಲಿ ನುಡಿಸುತ್ತಿದ್ದಾಗ ಒಬ್ಬರು ಎದುರು ಬಂದು ಸ್ವಲ್ಪ ನಿಲ್ಲಿಸಿ ಅಂತ ಕೈಸನ್ನೆ ಮಾಡಿದರು. ಅವರಿಗೆ ಫೋನಿನಲ್ಲಿ ಮಾತಾಡಬೇಕಿತ್ತು. ಇವರು ಆಲಾಪನೆಯ ಮಧ್ಯದಲ್ಲಿದ್ದರು. ನಿಲ್ಲಿಸಿದರು. ಇದನ್ನು ಕೇಳಿದ ಹಿರಿಯ ಕಲಾವಿದರೊಬ್ಬರು, ಮದುವೆಗೆ ಹೋದರೆ ಹೆಸರು ಹಾಳು, ಇನ್ನು ಬರೀ ಕಛೇರಿ ಮಾಡು ಅಂದರಂತೆ. ಅಲ್ಲಿಂದ ಇಪ್ಪತ್ತು ಜನರದೂ ಅದೇ ಸಲಹೆ.

ನಾನು ಅದನ್ನೇ ಹಿಡಿದುಕೊಂಡೆ. ಗೌರವ, ಆತ್ಮವಿಶ್ವಾಸ, ಬೇರೆಯವರ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತ ಎರಡು ಭೇಟಿ ಪೂರ್ತಿ ಮಾತಾಡಿದೆ. ಅವರು ತಲೆ ಆಡಿಸುತ್ತಿದ್ದರು. ತುಂಬ ಚೆನ್ನಾಗಿ ತಲೆ ಆಡಿಸುತ್ತಿದ್ದರು. ಅದರ ಅರ್ಥ ನನಗೆ ಗೊತ್ತಾದದ್ದು ಮೂರನೇ ಭೇಟಿಯಲ್ಲಿ.

ಆಟಿಯ ಮಳೆ ಹೊಯ್ಯುತ್ತಿತ್ತು. ಮಾತು ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಸುಮ್ನೆ ಕೇಳಿದೆ, "ನಿಮ್ಮ ಮನೆಯ ಮದುವೆಗೆ ಯಾರು ಊದುತ್ತಾರೆ?"

ಅವರಿಗೆ ಬಲಗೈ ಹೆಬ್ಬೆರಳನ್ನು ಉಜ್ಜಿಕೊಳ್ಳುವ ಅಭ್ಯಾಸ. ವಾದ್ಯದ ಕೊಕ್ಕೆ ಕೂರುವ ಜಾಗದಲ್ಲಿ ಚರ್ಮ ದಪ್ಪಗಾಗಿ ಹಳದಿ ಬಣ್ಣಕ್ಕೆ ತಿರುಗಿದೆ. ಆ ಉಜ್ಜುವುದು ನಿಂತಿತು.

"ತಂಗಿ ಮದುವೆಗೆ ನಾನೇ" ಅಂದರು.

ತಂದೆಗೆ ಆಸೆ ಇತ್ತಂತೆ, ಮಗನ ವಾದ್ಯದಲ್ಲೇ ಮಗಳ ಮದುವೆ ಆಗಬೇಕು ಅಂತ. ಇವರಿಗೂ ಹೆಮ್ಮೆ. ಬೆಳಿಗ್ಗೆ ಏಳಕ್ಕೇ ವೇದಿಕೆ ಹತ್ತಿದರು. ದಿಬ್ಬಣ ಬಂದಾಗ ಊದಿದರು. ನಮ್ಮ ಕಡೆಯ ಎಷ್ಟೋ ಮದುವೆಗಳಲ್ಲಿ ಧಾರೆ ಎರೆಯುವ ಮೊದಲು ಧಾರೆ ಗಿಂಡಿಯನ್ನು ಬಂಧುಗಳ ಹತ್ತಿರ ತರುತ್ತಾರೆ, ಅಲ್ವಾ? ಹಿರಿಯರು, ಹತ್ತಿರದವರು ಮುಟ್ಟಿ ಹರಸುತ್ತಾರೆ. ಅಷ್ಟು ಜನರ ಕೈ ತಾಗಿದ ಗಿಂಡಿಯಿಂದಲೇ ಆಮೇಲೆ ಧಾರೆ. ಆ ಗಿಂಡಿ ಹಿಡಿದುಕೊಂಡು ಅವರ ಮಾವ ವಾದ್ಯದವರ ವೇದಿಕೆಯ ಅಂಚಿಗೆ ಬಂದರು. ಒಬ್ಬನೇ ಅಣ್ಣ, ಅವನು ಮುಟ್ಟಬೇಡವೇ?

"ನನ್ನ ಎರಡೂ ಕೈ ಕೀಗಳ ಮೇಲಿತ್ತು ಮೇಡಂ. ಮಾವ ಗಿಂಡಿ ಮುಂದೆ ಹಿಡಿದರು. ನಾನು ತಲೆ ಆಡಿಸಿದೆ. ಬೇರೆಯವರ ಮದುವೆಯಲ್ಲಿ ಯಾರಾದರೂ ಹತ್ತಿರ ಬಂದರೆ ಆಡಿಸ್ತೇವಲ್ಲ, ಹಾಗೆ. ಮಾವ ಒಂದು ಕ್ಷಣ ನಿಂತರು. ಆಮೇಲೆ ಹೋದರು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು. "ಜೊತೆಯವನು ಊದುತ್ತಿದ್ದ. ಡೋಲು ಇತ್ತು. ನಾನು ಒಂದು ಕೈ ತೆಗೆದಿದ್ದರೆ ಏನೂ ಆಗ್ತಿರಲಿಲ್ಲ. ತೆಗೀಬೇಕು ಅಂತ ನನಗೆ ಹೊಳೀಲೇ ಇಲ್ಲ."

ಪುರೋಹಿತರು ಕೈ ಎತ್ತಿದರು. ಇವರು ಗಟ್ಟಿಮೇಳ ಊದಿದರು. ತಂಗಿಯ ಮದುವೆ ಆಯಿತು. ಇದಾಗಿ ನಾಲ್ಕು ವರ್ಷ. ಯಾರಿಗೂ ಹೇಳಿರಲಿಲ್ಲ. ಮದುವೆಯ ವಿಡಿಯೋದಲ್ಲಿ ಆ ಹೊತ್ತಿಗೆ ಎಡಿಟಿಂಗ್‌ನವರು ಸಿನಿಮಾ ಹಾಡು ಹಾಕಿದ್ದಾರೆ. ಅಣ್ಣನ ಕೈಯೂ ಇಲ್ಲ, ಅಣ್ಣನ ವಾದ್ಯವೂ ಇಲ್ಲ. ತಂಗಿಯ ಮನೆಗೆ ಹೋಗುವುದನ್ನೇ ಅವರು ಕಡಿಮೆ ಮಾಡಿದ್ದರು. ಕಾರಣ ಕೇಳಿದರೆ, ಪ್ರೋಗ್ರಾಂ ಇದೆ.

ನಾನು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಅವರು ಅಳಲಿಲ್ಲ. ಹೆಬ್ಬೆರಳು ಉಜ್ಜಲು ಮತ್ತೆ ಶುರು ಮಾಡಿದರು.

ಫೋನಿನವರ ಕೈಸನ್ನೆ ಯಾಕೆ ಅಷ್ಟು ಆಳಕ್ಕೆ ಇಳಿಯಿತು ಅಂತ ಆಗ ನನಗೆ ಅರ್ಥವಾಯಿತು. ಇಷ್ಟು ವರ್ಷದಲ್ಲಿ ಅಂಥವರು ಎಷ್ಟೋ ಜನ ಬಂದಿದ್ದಾರೆ, ಇವರು ನಕ್ಕು ಬಿಟ್ಟಿದ್ದಾರೆ. ಈಗ ಆಗಲಿಲ್ಲ. ತಂಗಿಯ ಗಿಂಡಿಗೂ ಬಿಡದೆ ಹಿಡಿದಿದ್ದ ವಾದ್ಯವನ್ನು ಯಾರದೋ ಫೋನಿಗಾಗಿ ಕೆಳಗಿಳಿಸಬೇಕಾಯಿತು. ಕಛೇರಿ ದೊಡ್ಡದಾ ಮದುವೆ ದೊಡ್ಡದಾ ಅನ್ನುವ ಪ್ರಶ್ನೆ ಇಲ್ಲಿ ಇರಲೇ ಇಲ್ಲ. ನಾನು ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಎರಡು ಭೇಟಿ ಕಳೆದಿದ್ದೆ. ಅದೇ ದಾರಿಯಲ್ಲಿ ಇನ್ನೊಂದು ಭೇಟಿ ಹೋಗಿದ್ದರೆ ಬಹುಶಃ ಮದುವೆ ಬಿಡಿ ಅಂದುಬಿಡುತ್ತಿದ್ದೆ. ಅವರು ಬಿಡುತ್ತಿದ್ದರು. ನಿದ್ದೆ ಮಾತ್ರ ಬರುತ್ತಿರಲಿಲ್ಲ.

ಮುಂದಿನ ಭೇಟಿಯಲ್ಲಿ ನೇರವಾಗಿಯೇ ಸಲಹೆ ಕೊಟ್ಟೆ. ಮದುವೆ ಬಿಡಬೇಡಿ. ಡೈರಿಯಲ್ಲಿ ಮೊದಲು ಮನೆಯ ದಿನಗಳನ್ನು ಬರೆಯಿರಿ. ಮಕ್ಕಳ ಶಾಲೆಯ ದಿನ, ತಂದೆಯ ವೈದ್ಯರ ದಿನ, ಕುಟುಂಬದ ಶುಭಕಾರ್ಯ, ಜೊತೆಗೆ ತಿಂಗಳಿಗೆ ಎರಡು ದಿನ ಏನೂ ಇಲ್ಲದೆ ಖಾಲಿ. ಬರೆದ ಮೇಲೆ ಆ ದಿನ ಯಾರು ಎಷ್ಟು ಕೊಡುತ್ತೇನೆ ಅಂದರೂ ಅದು ಮಾರಾಟಕ್ಕಿಲ್ಲ. ನಿಮ್ಮ ಮನೆಯ ಕಾರ್ಯಕ್ಕೆ ನೀವು ವಾದ್ಯ ಮುಟ್ಟಬೇಡಿ. ಬೇರೆ ಕಲಾವಿದರನ್ನು ಕರೆಸಿ, ಪೂರ್ತಿ ದುಡ್ಡು ಕೊಡಿ, ನೀವು ಪಂಚೆ ಉಟ್ಟು ಬಾಗಿಲಲ್ಲಿ ನಿಲ್ಲಿ. ಕೊನೆಯದು, ನನಗೆ ಹೇಳಿದ್ದನ್ನು ತಂಗಿಗೆ ಹೇಳಿ. ಕಿವಿಯಲ್ಲಿ ಗುಂಯ್ ಅನ್ನುವ ಸದ್ದಿದೆ ಅಂದಿದ್ದರು. ವರ್ಷಗಟ್ಟಲೆ ಡೋಲಿನ ಪಕ್ಕ ಕೂತವರು, ಅದಕ್ಕೆ ಕಿವಿ ವೈದ್ಯರ ಹತ್ತಿರ ಕಳಿಸಿದೆ. ಕುಡಿತಕ್ಕೆ ಮನೋವೈದ್ಯರ ಹತ್ತಿರ. ಅದು ಬರೀ ಮಾತಿನಿಂದ ಆಗುವ ಕೆಲಸವಲ್ಲ.

ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಇದು ಇಷ್ಟವಾಗಲಿಲ್ಲ. ಆಪ್ತಸಲಹೆಗಾರರು ಹೀಗೆ ಮಾಡಿ ಹಾಗೆ ಮಾಡಿ ಅನ್ನಬಾರದು, ವ್ಯಕ್ತಿ ತಾನೇ ಕಂಡುಕೊಳ್ಳಬೇಕು ಅಂದರು. ಸಾಮಾನ್ಯವಾಗಿ ನಾನೂ ಅದನ್ನೇ ಒಪ್ಪುತ್ತೇನೆ. ಆದರೆ ಇವರ ಸುತ್ತ ಇಪ್ಪತ್ತು ಜನ ಬಿಡು ಬಿಡು ಅನ್ನುತ್ತಿದ್ದರು. ಅಷ್ಟು ಗದ್ದಲದಲ್ಲಿ ನಾನು ಸುಮ್ಮನಿದ್ದರೆ ಅವರ ಮಾತಿಗೆ ಹೂಂಗುಟ್ಟಿದ ಹಾಗೇ. ಅಲ್ಲದೆ ಅವರಿಗೆ ಮದುವೆಯ ಕೆಲಸ ಬೇಸರ ತಂದಿರಲಿಲ್ಲ. ಗಟ್ಟಿಮೇಳದ ಬಗ್ಗೆ ಹೇಳುವಾಗ ಅವರ ಮುಖವೇ ಬೇರೆ. ಆ ಗಳಿಗೆಯಲ್ಲಿ ಒಂದು ಸೀನು, ಒಂದು ಕೆಟ್ಟ ಮಾತು ವಧೂವರರ ಕಿವಿಗೆ ಬೀಳಬಾರದು, ಅದನ್ನು ಮುಚ್ಚುವಷ್ಟು ಜೋರಾಗಿ ಮೇಳ ಏಳಬೇಕು. "ಅಷ್ಟು ಹೊತ್ತು ಇಡೀ ಮಂಟಪ ನಮ್ಮ ಉಸಿರಿನ ಮೇಲೆ ನಿಂತಿರುತ್ತೆ" ಅಂದಿದ್ದರು. ಇಂಥವರಿಗೆ ಅದನ್ನು ಬಿಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ಮನೆ ನಡೆಯುವುದೂ ಮದುವೆಯ ದುಡ್ಡಿನಿಂದಲೇ. ಹತ್ತು ರೀಡಿನ (ವಾದ್ಯದ ಬಾಯಿಗೆ ಕೂರಿಸುವ ತೆಳು ಪಟ್ಟಿ) ಒಂದು ಪೆಟ್ಟಿಗೆ ತಂದರೆ ಅದರಲ್ಲಿ ಮೂರೋ ನಾಲ್ಕೋ ಮಾತ್ರ ಕಛೇರಿಗೆ ಆಗುವಂಥವು ಅಂತ ಅವರೇ ಲೆಕ್ಕ ಹೇಳಿದರು. ಆ ಪೆಟ್ಟಿಗೆಗಳ ಖರ್ಚು ಮದುವೆಯಿಂದ ಬರುತ್ತದೆ.

ಇನ್ನು ಕೆಲವರು ಕೇಳಿದರು, ಒಂದು ಗಿಂಡಿ ಮುಟ್ಟದ್ದಕ್ಕೆ ಇಷ್ಟೆಲ್ಲಾನಾ ಅಂತ. ಹೌದು, ಇಷ್ಟೆಲ್ಲಾ. ನನ್ನ ಹತ್ತಿರ ಬಂದ ಅಡುಗೆ ಭಟ್ಟರು ಮಗನ ಉಪನಯನದ ದಿನ ಸಾರಿನ ಕೊಪ್ಪರಿಗೆಯ ಮುಂದೆ ನಿಂತಿದ್ದರು. ಫೋಟೋದವರ ಹತ್ತಿರ ತಮ್ಮ ಮಗಳ ಮೊದಲ ಹುಟ್ಟುಹಬ್ಬದ ಇನ್ನೂರು ಫೋಟೋ ಇದೆ, ಒಂದರಲ್ಲೂ ಅವರಿಲ್ಲ. ಕೇಳಿದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ನಾನಿದ್ದೆನಲ್ಲ, ಅಲ್ಲೇ ಇದ್ದೆ. ಇದ್ದರು, ನಿಜ. ಆದರೆ ಕೆಲಸದಲ್ಲಿದ್ದರು. ಮನೆಯವರೂ ಇದನ್ನು ಪ್ರೀತಿಯಿಂದಲೇ ಕೇಳುತ್ತಾರೆ, ನೀನಿರುವಾಗ ಹೊರಗಿನವರು ಯಾಕೆ ಅಂತ. ದಯವಿಟ್ಟು ಹಾಗೆ ಕೇಳಬೇಡಿ. ನಿಮ್ಮ ಮನೆಯಲ್ಲಿ ಇಂಥ ಕೆಲಸದವರಿದ್ದರೆ, ಆ ಒಂದು ದಿನ ಹೊರಗಿನವರಿಗೆ ದುಡ್ಡು ಕೊಟ್ಟು ಇವರನ್ನು ಬಿಡಿಸಿಕೊಳ್ಳಿ. ಹಾಗೆಯೇ ನಿಮ್ಮ ಮನೆಯ ಮದುವೆಗೆ ಬಂದ ವಾದ್ಯದವರನ್ನು ಊಟಕ್ಕೆ ಕೊನೆಯ ಪಂಕ್ತಿಯವರೆಗೆ ಕಾಯಿಸಬೇಡಿ. ಫೋನ್ ಬಂದರೆ ನೀವೇ ಹೊರಗೆ ಹೋಗಿ.

ತಂಗಿಗೆ ಹೇಳಲು ದಿನೇಶ್‌ಗೆ ಎರಡು ತಿಂಗಳು ಬೇಕಾಯಿತು. ಫೋನಿನಲ್ಲಿ ಹೇಳಿದರಂತೆ, ಯಾವುದೋ ಊರಿನ ಲಾಡ್ಜಿನಿಂದ, ಕಛೇರಿ ಮುಗಿಸಿ. "ನಾನು ನೋಡಿದ್ದೆ ಅಣ್ಣಾ" ಅಂದಳಂತೆ ಅವಳು. ಅಷ್ಟೇ. ಅವಳಿಗೆ ಬೇಸರವಾಗಿತ್ತು ಅನ್ನುವುದು ಅವರಿಗೆ ಒಂಥರಾ ಸಮಾಧಾನ ಕೊಟ್ಟಿತು. ಅದನ್ನು ನಾನು ನಿರೀಕ್ಷಿಸಿರಲಿಲ್ಲ.

ಕುಡಿತ ಪೂರ್ತಿ ನಿಂತಿಲ್ಲ. ಮದ್ದು ತೆಗೆದುಕೊಳ್ಳುತ್ತಿದ್ದಾರೆ. ಸೀಸನ್ ಬಂದರೆ ಕಷ್ಟ, ಅದು ಅವರಿಗೂ ನನಗೂ ಗೊತ್ತು.

ಜನವರಿಯಲ್ಲಿ ತಂಗಿಯ ಮಗುವಿಗೆ ಕಿವಿ ಚುಚ್ಚಿಸುವುದಿತ್ತು. ಅದೇ ದಿನ ಮುಂಬೈಯಿಂದ ಒಂದು ದೊಡ್ಡ ಮದುವೆಯ ಕರೆ. ಡೈರಿಯಲ್ಲಿ ಮೊದಲೇ ಬರೆದಾಗಿತ್ತು, ಆಗುವುದಿಲ್ಲ ಅಂದರಂತೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚುವುದು ತಾನೇ ಪದ್ಧತಿ. ಮಗು ಒಂದೇ ಸಮ ಕೊಸರಾಡಿತಂತೆ. "ತಲೆ ಅಲುಗಾಡದ ಹಾಗೆ ಹಿಡೀಬೇಕಲ್ಲ, ಎರಡೂ ಕೈ ಬೇಕಾಯ್ತು ಮೇಡಂ" ಅಂದರು. ಬಲ ಹೆಬ್ಬೆರಳು ತೋರಿಸಿದರು. ಮಗು ಪರಚಿದ ಗೀರು ಇನ್ನೂ ಇತ್ತು.