ಹಾಲ್‌ನಲ್ಲಿ ನೂರು, ಹಿಂದಿನ ರೂಮಿನಲ್ಲಿ ಹತ್ತು: ದೋಷ ಲೈನಿನದೋ, ವೈಫೈನದೋ?

ಪ್ರಶ್ನೆ: ಚಿಂತಾಮಣಿಯಲ್ಲಿ ನಮ್ಮದು ಕಲ್ಲುಗೋಡೆಯ ಹಳೇ ಮನೆ. 100 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇವೆ. ಹಾಲ್‌ನಲ್ಲಿ ಚೆನ್ನಾಗಿ ಬರುತ್ತೆ, ಮಗಳು ಓದುವ ಹಿಂದಿನ ರೂಮಿನಲ್ಲಿ 10 ದಾಟಲ್ಲ. 300ರ ಪ್ಲಾನ್‌ಗೆ ಹೋದರೆ ಸರಿಹೋಗುತ್ತಾ?

ಉತ್ತರ: ಹೋಗಲ್ಲ, ದುಡ್ಡು ದಂಡ. ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್‌ನಲ್ಲಿ ನೇರ ರೂಟರ್‌ಗೆ ಸಿಕ್ಕಿಸಿ ಸ್ಪೀಡ್ ಟೆಸ್ಟ್ ಮಾಡಿ. 90ರ ಮೇಲೆ ಬಂದರೆ ಲೈನ್ ಸರಿಯಿದೆ, ಸೊರಗುತ್ತಿರುವುದು ವೈಫೈ. (300ರ ಪ್ಲಾನ್ ಇದ್ದೂ ಕೇಬಲ್‌ನಲ್ಲಿ 95ರ ಆಸುಪಾಸಿಗೇ ನಿಂತರೆ ಕೇಬಲ್‌ನ ಎಂಟು ತಂತಿಗಳಲ್ಲಿ ಯಾವುದೋ ಕೈಕೊಟ್ಟಿದೆ, ಇಲ್ಲವೇ ಪೋರ್ಟೇ 100ರದ್ದು.)

ವೈಫೈ ಎರಡು ಬ್ಯಾಂಡ್‌ಗಳಲ್ಲಿ (ತರಂಗಪಟ್ಟಿ) ಬರುತ್ತದೆ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ದಪ್ಪ ಕಲ್ಲುಗೋಡೆಗೆ ಸೋಲುತ್ತದೆ. 2.4 ಗೋಡೆ ದಾಟುತ್ತದೆ, ವೇಗ ಕಡಿಮೆ. ಅಕ್ಕಪಕ್ಕದ ಮನೆಗಳ ವೈಫೈ ಜೊತೆ ಗುದ್ದಾಟ ಬೇರೆ. ರೂಟರ್ ಟಿವಿ ಹಿಂದೆಯೋ ಕಿಟಕಿ ಮೂಲೆಯಲ್ಲೋ ಇದ್ದರೆ, ಆ ರೂಮಿನ ಬಾಗಿಲಿಗೆ ನೇರವಾಗಿ ಐದಡಿ ಎತ್ತರಕ್ಕೆ ತನ್ನಿ. ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ 2.4ಕ್ಕೆ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ, ವಿಡ್ತ್ (ಚಾನೆಲ್‌ನ ಅಗಲ) 20 ಮೆಗಾಹರ್ಟ್ಸ್ ಇಡಿ.

ಇಷ್ಟಾದರೂ ಕಲ್ಲುಮನೆಗೆ ಖಾಯಂ ಮದ್ದು ತಂತಿಯೇ. ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಪೆಟ್ಟಿಗೆ) ಕೊಳ್ಳಬೇಡಿ: ಅಗ್ಗದವು ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಹೇಳಬೇಕು, ಹಾಗಾಗಿ ವೇಗ ಅರ್ಧಕ್ಕಿಳಿಯುತ್ತದೆ. ಹಾಲ್‌ನಿಂದ ರೂಮಿಗೆ ಕ್ಯಾಟ್ 6 ಕೇಬಲ್ ಎಳೆಸಿ. ಅಪ್ಪಟ ತಾಮ್ರದ್ದೇ ಕೇಳಿ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಬೇಡ. ಕರೆಂಟ್ ವೈರಿನ ಪೈಪಿನಲ್ಲೇ ತೂರಿಸಬೇಡಿ. ಆ ತುದಿಗೆ ಇನ್ನೊಂದು ರೂಟರ್ ಇಟ್ಟು ಆಕ್ಸೆಸ್ ಪಾಯಿಂಟ್ ಮೋಡ್ (ಬರೀ ವೈಫೈ ಹರಡುವ ಕೆಲಸ) ಹಾಕಿ. ಆ ಮೋಡ್ ಇಲ್ಲದಿದ್ದರೆ ಅದರ ಐಪಿ ವಿಳಾಸ ಬದಲಿಸಿ (ಮೊದಲನೆಯದು 192.168.1.1 ಆಗಿದ್ದರೆ ಇದಕ್ಕೆ 192.168.1.2), ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪ್‌ಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೇಬಲನ್ನು ವ್ಯಾನ್ (ಇಂಟರ್ನೆಟ್) ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಸಿಕ್ಕಿಸಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡೂ ಪೆಟ್ಟಿಗೆಗಳು ವಿಳಾಸ ಹಂಚುತ್ತವೆ; ಒಂದು ಫೋನಿಗೆ ನೆಟ್ ಬರುತ್ತೆ, ಇನ್ನೊಂದಕ್ಕೆ ಬರಲ್ಲ.

ಪ್ರಶ್ನೆ: ಗೌರಿಬಿದನೂರಿನಲ್ಲಿ ಕರೆಂಟ್ ಹೋದಾಗ ಯುಪಿಎಸ್ ಇದ್ದರೂ ನೆಟ್ ಹೋಗಿ ಎಲ್‌ಒಎಸ್ ದೀಪ ಕೆಂಪಗೆ ಮಿನುಗುತ್ತೆ. ಏಕೆ?

ಉತ್ತರ: ಕೆಂಪು ಎಲ್‌ಒಎಸ್ ಎಂದರೆ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ, ರೂಟರ್ ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ. ಪ್ರತಿ ಸಲ ಕರೆಂಟ್ ಜೊತೆಗೇ ಹೋಗಿ ಅದರೊಂದಿಗೇ ಬಂದರೆ ಬ್ಯಾಕಪ್ ಇಲ್ಲದಿರುವುದು ಆಪರೇಟರ್ ಕಡೆ; ಅವರನ್ನೇ ಕೇಳಿ. ಕರೆಂಟ್ ಇದ್ದಾಗಲೂ ಹೋಗುತ್ತಿದ್ದರೆ ಹಳದಿ ಪ್ಯಾಚ್ ಕಾರ್ಡ್ ಎಲ್ಲಾದರೂ ಮಡಚಿದೆಯೇ, ಹಸಿರು ಪ್ಲಗ್ ಪೂರ್ತಿ ಕೂತಿದೆಯೇ ನೋಡಿ. ತುದಿಯನ್ನು ಬೆರಳಲ್ಲಿ ಮುಟ್ಟಬೇಡಿ, ಕಣ್ಣಿಟ್ಟು ನೋಡಲೂಬೇಡಿ. ರೂಟರ್‌ನ ಸೆಟ್ಟಿಂಗ್ಸ್ ಪುಟದಲ್ಲಿ ಆರ್‌ಎಕ್ಸ್ ಪವರ್ (ಫೈಬರ್‌ನಲ್ಲಿ ತಲುಪುವ ಬೆಳಕಿನ ಬಲ) ಕಾಣುತ್ತದೆ: ಮೈನಸ್ 15ರಿಂದ ಮೈನಸ್ 25 ಡಿಬಿಎಂ ಒಳ್ಳೆಯದು, ಮೈನಸ್ 27ಕ್ಕಿಂತ ಕುಸಿದರೆ ಲೈನ್ ಆಗಾಗ ಕಡಿಯುತ್ತದೆ. ದೂರು ಕೊಡುವಾಗ ಆ ಅಂಕಿಯನ್ನೇ ಹೇಳಿ.