ವಾರಕ್ಕೆ 20 ತಾಸು, ಅದೂ ಕ್ಯಾಂಪಸ್ ಒಳಗೆ: ಅಮೆರಿಕಕ್ಕೆ ಹೊರಟವರ ಮೂರು ಪ್ರಶ್ನೆ

ಪ್ರಶ್ನೆ: ನಾನು ಗಂಗಾವತಿ ಹತ್ತಿರದ ರೈತ. ಮಗನಿಗೆ ಅಮೆರಿಕದಲ್ಲಿ ಎಂಎಸ್ ಸೀಟು ಸಿಕ್ಕಿದೆ. ಎಫ್-1 ವೀಸಾ ಅಂತೆ. ನಾಲ್ಕು ಎಕರೆ ಗದ್ದೆ ಅಡ ಇಟ್ಟು ಸಾಲ ತೆಗೆಯುತ್ತಿದ್ದೇವೆ. ಮೊದಲ ವರ್ಷಕ್ಕೆ ಅದು ಸಾಕಾಗುತ್ತದೆ. ‘ಮುಂದಿನ ಫೀಸು ಅವನೇ ದುಡಿದು ಕಟ್ಟುತ್ತಾನೆ, ಪೆಟ್ರೋಲ್ ಬಂಕು, ಹೋಟೆಲು ಎಲ್ಲಾ ಕಡೆ ಕೆಲಸ ಇದೆ’ ಎನ್ನುತ್ತಾರೆ ಏಜೆಂಟರು. ನಂಬಬಹುದಾ?

ಉತ್ತರ: ಯಜಮಾನರೇ, ಈ ಮಾತನ್ನು ನಂಬಿ ಗದ್ದೆಯ ಕಾಗದಕ್ಕೆ ಸಹಿ ಹಾಕಬೇಡಿ. ಕಾಲುವೆಗೆ ನೀರು ಬಿಡುತ್ತಾರೋ ಇಲ್ಲವೋ ಗೊತ್ತಾಗುವ ತನಕ ನೀವು ನಾಟಿಗೆ ಆಳು ಕರೆಯುವುದಿಲ್ಲ, ಅಲ್ವಾ? ಇದೂ ಹಾಗೆಯೇ.

ಎಫ್-1 ವೀಸಾದವರು ಓದುತ್ತಾ ದುಡಿಯಬಹುದು, ನಿಜ. ಆದರೆ ಕ್ಲಾಸು ನಡೆಯುವ ದಿನಗಳಲ್ಲಿ ವಾರಕ್ಕೆ 20 ತಾಸು ಮಾತ್ರ, ಅದೂ ಕ್ಯಾಂಪಸ್ ಒಳಗೆ. ದೊಡ್ಡ ರಜೆಯಲ್ಲಿ, ಮುಂದಿನ ಸೆಮಿಸ್ಟರ್‌ಗೂ ಓದು ಮುಂದುವರಿಸುವವರಾದರೆ, ಪೂರ್ತಿ ಹೊತ್ತು ದುಡಿಯಬಹುದು. ಇದಕ್ಕೆ ಸರ್ಕಾರದಿಂದ ಬೇರೆ ವರ್ಕ್ ಪರ್ಮಿಟ್ ಬೇಕಿಲ್ಲ. ಕೆಲಸ ಕೊಡುವವರದೊಂದು ಪತ್ರ, ಕಾಲೇಜಿನ ಡಿಎಸ್‌ಓ ಅವರದೊಂದು ಪತ್ರ ಹಿಡಿದು ಸೋಶಿಯಲ್ ಸೆಕ್ಯುರಿಟಿ ನಂಬರ್ (ಸಂಬಳ, ತೆರಿಗೆ ಲೆಕ್ಕಕ್ಕೆ ಸರ್ಕಾರ ಕೊಡುವ ಸಂಖ್ಯೆ) ಮಾಡಿಸಿಕೊಂಡರೆ ಆಯಿತು. ಡಿಎಸ್‌ಓ ಅಂದರೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ಅಧಿಕಾರಿ. ಮಗ ಅಲ್ಲಿಗೆ ಹೋದ ಮೇಲೆ ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು ಇವರನ್ನೇ.

ಕ್ಯಾಂಪಸ್ ಅಂದರೆ ಯಾವುದು? ಲೈಬ್ರರಿ, ಮೆಸ್ಸು, ಲ್ಯಾಬು, ಪುಸ್ತಕದ ಅಂಗಡಿ. ಕ್ಯಾಂಪಸ್ ಒಳಗಿದ್ದು ವಿದ್ಯಾರ್ಥಿಗಳಿಗೆ ಕಾಫಿ ಕೊಡುವ ಖಾಸಗಿ ಅಂಗಡಿಯೂ ನಡೆಯುತ್ತದೆ. ಅದೇ ಕಂಪನಿಯ ಅಂಗಡಿ ರಸ್ತೆಯಾಚೆ ಇದ್ದರೆ ನಡೆಯುವುದಿಲ್ಲ. ಕ್ಯಾಂಪಸ್ ಒಳಗೇ ಹಾಸ್ಟೆಲ್ ಕಟ್ಟುತ್ತಿರುವ ಕಂಟ್ರಾಕ್ಟರ್ ಹತ್ತಿರವೂ ಕೆಲಸಕ್ಕೆ ಸೇರುವಂತಿಲ್ಲ, ಏಕೆಂದರೆ ಅದು ವಿದ್ಯಾರ್ಥಿಗಳಿಗೆ ಕೊಡುವ ಸೇವೆ ಅಲ್ಲ. ಪೆಟ್ರೋಲ್ ಬಂಕಿನ ಮಾತಂತೂ ದೂರವೇ ಉಳಿಯಿತು.

ಈಗ ಲೆಕ್ಕ ಹಾಕೋಣ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ತಾಸಿಗೆ 7.25 ಡಾಲರ್. ಎಷ್ಟೋ ರಾಜ್ಯಗಳಲ್ಲಿ ಇದಕ್ಕಿಂತ ಜಾಸ್ತಿ ಇದೆ, ಆದರೆ ಕಡಿಮೆಯದನ್ನೇ ಹಿಡಿಯಿರಿ. 20 ತಾಸಿಗೆ 145 ಡಾಲರ್. ನಾಲ್ಕು ವಾರಕ್ಕೆ 580. ತಾಸಿಗೆ 12 ಡಾಲರ್ ಕೊಟ್ಟರೂ ನಾಲ್ಕು ವಾರಕ್ಕೆ 960. ಇದರಲ್ಲಿ ದಿನಸಿ, ಬಸ್ಸು, ಫೋನು, ರೂಮಿನ ಬಾಡಿಗೆಯಲ್ಲಿ ಅವನ ಪಾಲು ತೂಗಬಹುದು. ಫೀಸು ಮಾತ್ರ ಹುಟ್ಟುವುದಿಲ್ಲ. ಅದೂ ಕೆಲಸ ಸಿಕ್ಕರೆ. ನಾನು ಅಲ್ಲಿ ಓದುವಾಗ ಲೈಬ್ರರಿಯಲ್ಲಿ ವಾಪಸ್ ಬಂದ ಪುಸ್ತಕಗಳನ್ನು ತಳ್ಳುಗಾಡಿಯಲ್ಲಿ ಪೇರಿಸಿಕೊಂಡು ಹೋಗಿ, ನಂಬರ್ ನೋಡಿ ಕಪಾಟಿಗೆ ಸೇರಿಸುತ್ತಿದ್ದೆ. ಆ ಕೆಲಸ ಸಿಗಲು ಒಂದಿಡೀ ಸೆಮಿಸ್ಟರ್ ಕಾದಿದ್ದೆ. ಒಂದು ಕೆಲಸಕ್ಕೆ ಹತ್ತಾರು ಜನ ಅರ್ಜಿ ಹಾಕಿರುತ್ತಾರೆ.

ನನಗೆ ನಿಜವಾಗಿ ಸಂಕಟವಾಗುವುದು ಏಜೆಂಟರ ಆ ‘ಹೋಟೆಲ್ ಕೆಲಸ’ದ ಮಾತಿಗೆ. ಕ್ಯಾಂಪಸ್ ಹೊರಗೆ ಅನುಮತಿ ಇಲ್ಲದೆ ದುಡಿದರೆ, ಕೈಗೆ ನಗದು ಕೊಟ್ಟರೂ, ವಾರಕ್ಕೆ ಒಂದೇ ದಿನ ಹೋದರೂ, ಅವನ ಎಫ್-1 ಸ್ಟೇಟಸ್, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿರುವ ಹಕ್ಕು, ಹೋಗುತ್ತದೆ. ಬೇರೆ ತಪ್ಪುಗಳಿಗೆ ಸ್ಟೇಟಸ್ ಮರಳಿ ಕೊಡಿ ಎಂದು ಅರ್ಜಿ ಹಾಕುವ ದಾರಿ ಒಂದಿದೆ. ಅನುಮತಿ ಇಲ್ಲದೆ ದುಡಿದವರಿಗೆ ಆ ದಾರಿಯೂ ಮುಚ್ಚುತ್ತದೆ. ಆಗ ಮಗ ಊರಿಗೆ ಬರುತ್ತಾನೆ, ಡಿಗ್ರಿ ಬರುವುದಿಲ್ಲ, ಸಾಲ ಹಾಗೇ ಇರುತ್ತದೆ.

ಹೊರಗೆ ದುಡಿಯಲು ಕಾನೂನಿನ ದಾರಿಗಳೂ ಇವೆ. ಸಾಮಾನ್ಯವಾಗಿ ಒಂದು ವರ್ಷದ ಓದು ಮುಗಿದ ಮೇಲೆ, ಓದಿಗೆ ಸಂಬಂಧಿಸಿದ ಕೆಲಸಕ್ಕೆ ಸಿಪಿಟಿ ಎಂಬ ಅನುಮತಿ ಸಿಗಬಹುದು. ಡಿಗ್ರಿ ಆದ ಮೇಲೆ, ಓದಿದ ವಿಷಯದಲ್ಲೇ ದುಡಿಯಲು 12 ತಿಂಗಳ ಓಪಿಟಿ ಎಂಬ ಅನುಮತಿ ಇದೆ. ವಿಜ್ಞಾನ, ಎಂಜಿನಿಯರಿಂಗ್ ವಿಷಯದವರಿಗೆ ಇನ್ನೂ 24 ತಿಂಗಳು ಸೇರಬಹುದು. ಸಾಲ ತೀರಿಸುವ ಲೆಕ್ಕವನ್ನು ಬೇಕಾದರೆ ಅಲ್ಲಿಂದ ಶುರು ಮಾಡಿ. ಫೀಸಿನ ರೊಕ್ಕ ಮಾತ್ರ ಈಗಲೇ ಹೊಂದಿಸಿಕೊಳ್ಳಿ. ಆಗದಿದ್ದರೆ ಫೀಸು ಕಡಿಮೆ ಇರುವ ಕಾಲೇಜು ನೋಡಿ, ಇಲ್ಲವೇ ಒಂದು ವರ್ಷ ತಡೆಯಿರಿ. ವೀಸಾ ಸಂದರ್ಶನದಲ್ಲಿ ‘ಪಾರ್ಟ್ ಟೈಮ್ ದುಡಿದು ಫೀಸು ಕಟ್ಟುತ್ತೇನೆ’ ಎಂದು ಹೇಳಬೇಡ ಅಂತ ಮಗನಿಗೂ ತಿಳಿಸಿ. ಅಲ್ಲಿ ತೋರಿಸಬೇಕಾದದ್ದು ಕೈಯಲ್ಲಿರುವ ಹಣವನ್ನು.

ಪ್ರಶ್ನೆ: ನಾನು ರಾಯಚೂರಿನವನು, ಅಮೆರಿಕದಲ್ಲಿ ಎಂಎಸ್ ಓದುತ್ತಿದ್ದೇನೆ. ಮೆಸ್‌ನಲ್ಲಿ ವಾರಕ್ಕೆ 12 ತಾಸು ಕೆಲಸ ಇದೆ. ಈಗ ಪ್ರೊಫೆಸರ್ ಒಬ್ಬರು 10 ತಾಸಿನ ಗ್ರೇಡರ್ ಕೆಲಸ (ವಿದ್ಯಾರ್ಥಿಗಳ ಉತ್ತರ ತಿದ್ದಿ ಅಂಕ ಹಾಕುವುದು) ಕೊಡುತ್ತೇನೆ ಎಂದಿದ್ದಾರೆ. ಎರಡೂ ಕ್ಯಾಂಪಸ್ ಒಳಗೇ. ಎರಡು ತಾಸು ಹೆಚ್ಚಾದರೆ ಏನಾಗುತ್ತದೆ?

ಉತ್ತರ: ಆ ಎರಡು ತಾಸೇ ತಪ್ಪು, ತಮ್ಮಾ. 20 ತಾಸು ಒಂದೊಂದು ಕೆಲಸಕ್ಕಲ್ಲ, ಎಲ್ಲ ಸೇರಿ. ಈ ವಾರ 22 ಮಾಡಿ ಮುಂದಿನ ವಾರ 18 ಮಾಡಿದರೂ ಸರಿಹೋಗುವುದಿಲ್ಲ, ಸರಾಸರಿ ನಡೆಯುವುದಿಲ್ಲ. ಮೆಸ್ಸಿನವರಿಗೆ ಹೇಳಿ 10 ತಾಸಿಗೆ ಇಳಿಸಿಕೊಳ್ಳಿ, ಗ್ರೇಡರ್ ಕೆಲಸ ಬಿಡಬೇಡಿ. ಈಗಾಗಲೇ ಯಾವುದಾದರೂ ವಾರ 20 ದಾಟಿದ್ದರೆ ಸುಮ್ನೆ ಕೂರದೆ ಇವತ್ತೇ ಡಿಎಸ್‌ಓ ಹತ್ತಿರ ಹೋಗಿ ಹೇಳಿ. ನಿಮ್ಮ ಟೈಮ್‌ಶೀಟು ಹೇಗೂ ಕಾಲೇಜಿನ ಕೈಯಲ್ಲೇ ಇರುತ್ತದೆ.

ಸಂಬಳದ ಚೀಟಿಯನ್ನೂ ಒಮ್ಮೆ ನೋಡಿ. ಅಲ್ಲಿಗೆ ಹೋದ ಮೊದಲ ಐದು ಕ್ಯಾಲೆಂಡರ್ ವರ್ಷ ಎಫ್-1 ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ (ಪಿಂಚಣಿ, ವೃದ್ಧರ ಆರೋಗ್ಯ ವಿಮೆಯ ಲೆಕ್ಕದಲ್ಲಿ ಸಂಬಳದಿಂದ ಹಿಡಿಯುವುದು) ಇರುವುದಿಲ್ಲ. ಹಿಡಿದಿದ್ದರೆ ವಾಪಸ್ ಕೇಳಿ.

ಪ್ರಶ್ನೆ: ನಾನು ಬಳ್ಳಾರಿಯವಳು. ಮನೆಯಲ್ಲೇ ಬ್ಲೌಸ್ ಹೊಲಿದು ನನ್ನ ಖರ್ಚು ನಾನೇ ನೋಡಿಕೊಳ್ಳುತ್ತಿದ್ದೆ. ನಮ್ಮ ಯಜಮಾನರು ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೆ. ನಾನು ಅವರ ಹೆಂಡತಿಯಾಗಿ ಎಫ್-2 ವೀಸಾದಲ್ಲಿ ಹೋಗುತ್ತಿದ್ದೇನೆ. ಅಲ್ಲೂ ನಮ್ಮವರಿಗೆ ಹೊಲಿದು ಕೊಡಬಹುದಾ? ಅವರ ಕ್ಯಾಂಪಸ್‌ನಲ್ಲಿ ನನಗೂ ಕೆಲಸ ಸಿಗುತ್ತದಾ?

ಉತ್ತರ: ಇಲ್ಲಮ್ಮ, ಎರಡೂ ಆಗುವುದಿಲ್ಲ. 20 ತಾಸಿನ ಅವಕಾಶ ನಿಮ್ಮ ಯಜಮಾನರದು ಮಾತ್ರ. ಎಫ್-2ನವರು ಒಂದು ತಾಸೂ ದುಡಿಯುವಂತಿಲ್ಲ. ಮಿಷನ್ ಒಯ್ಯಿರಿ, ನಿಮ್ಮ ಮನೆಯ ಬಟ್ಟೆ ಹೊಲಿದುಕೊಳ್ಳಿ. ಪಕ್ಕದ ಮನೆಯವರ ಬ್ಲೌಸಿಗೆ ಹತ್ತು ಡಾಲರ್ ತೆಗೆದುಕೊಂಡರೂ ಅದು ಕೆಲಸವೇ. ನಿಮ್ಮ ಕೈಯಲ್ಲಿ ನಿಮ್ಮದೇ ದುಡ್ಡು ಆಡುತ್ತಿತ್ತು, ಅದು ನಿಲ್ಲುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಅದಕ್ಕೇ ಹೋಗುವ ಮೊದಲೇ ಗಂಡ ಹೆಂಡತಿ ಕೂತು, ತಿಂಗಳಿಗೆ ನಿಮ್ಮ ಕೈಗೆ ಇಷ್ಟು ಎಂದು ಮಾತಾಡಿಕೊಳ್ಳಿ.

ಓದಬಹುದು. 2015ರ ನಿಯಮದಂತೆ ಎಫ್-2ನವರು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅನುಮತಿ ಪಡೆದ ಕಾಲೇಜುಗಳಲ್ಲಿ ಪಾರ್ಟ್ ಟೈಮ್ ಕೋರ್ಸ್ ಮಾಡಬಹುದು. ಪೂರ್ತಿ ಕೋರ್ಸಿಗೆ ಸೇರಬೇಕಾದರೆ ಮೊದಲು ಎಫ್-1ಗೆ ಬದಲಾಗಬೇಕು. ಮಕ್ಕಳಿದ್ದರೆ ಅವರಿಗೆ ಹನ್ನೆರಡನೇ ತರಗತಿಯವರೆಗೆ ಶಾಲೆಗೆ ಹೋಗಲು ಅಡ್ಡಿ ಇಲ್ಲ.

ಜೆ-2 ವೀಸಾದ (ಜೆ-1 ಎಂಬ ವಿನಿಮಯ ವೀಸಾದವರ ಮನೆಯವರಿಗೆ ಕೊಡುವುದು) ಗೆಳತಿ ಯಾರಾದರೂ ‘ನಾನು ಕೆಲಸ ಮಾಡುತ್ತೇನಲ್ಲ’ ಎಂದರೆ ಗೊಂದಲ ಬೇಡ. ಅವರು ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ನಿಮ್ಮ ವೀಸಾಗೆ ಆ ಅವಕಾಶ ಇಲ್ಲ.

ಇನ್ನೊಂದು, ಬಹಳ ಜನ ಮರೆಯುವುದು. ಒಂದು ಡಾಲರ್ ಗಳಿಸದಿದ್ದರೂ ನೀವು ಪ್ರತಿ ವರ್ಷ 8843 ಎಂಬ ಫಾರಂ ತುಂಬಿ ಅಲ್ಲಿನ ತೆರಿಗೆ ಇಲಾಖೆಗೆ ಕಳಿಸಬೇಕು. ಗಳಿಕೆ ಇಲ್ಲದವರಿಗೆ ಕೊನೆಯ ದಿನ ಜೂನ್ 15. ನಿಮ್ಮ ಯಜಮಾನರ ಫಾರಂ ಜೊತೆ ಇದು ತಾನಾಗಿ ಹೋಗುವುದಿಲ್ಲ. ನಿಮ್ಮ ಹೆಸರಿನಲ್ಲಿ, ನಿಮ್ಮ ಸಹಿ ಹಾಕಿ ಬೇರೆಯೇ ಕಳಿಸಬೇಕು.